ಅರಮನೆ ತಡೆದ ಮದುವೆ

ರಾಜಧಾನಿ ಹಾನ್ಯಾಂಗ್‌ನಲ್ಲಿ ಅರಸ ಹೆಣ್ಣು ಹುಡುಕಲು ಹೊರಟರೆ ಕುಲೀನರ ಮನೆಯ ಹುಡುಗಿಯರ ಮದುವೆಗೆಲ್ಲ ತಡೆ. ಮೊದಲ ರಾಣಿ ಮಕ್ಕಳಿಲ್ಲದೆ ತೀರಿಕೊಂಡಾಗ ಅಂಥದೊಂದು ಮನೆಯ ಒಕ್ಸಿಮ್‌ಳ ಮಗಳ ಮದುವೆ ನಿಂತಿತು. ಮಕ್ಕಳಾಗಲಿಲ್ಲವೆಂದು ಎರಡನೆಯವಳನ್ನು ಹೊರಹಾಕಿದಾಗ ಮತ್ತೆ ನಿಂತಿತು. ಮದುವೆಯ ಕೆಂಪು ರೇಷ್ಮೆ ಪೆಟ್ಟಿಗೆಯಲ್ಲೇ ಮಾಸಿತು. ಅರಸನ ಮೇಲಿನ ಸಿಟ್ಟನ್ನೆಲ್ಲ ಒಕ್ಸಿಮ್ ಒಗೆದ ಬಟ್ಟೆಯನ್ನು ನಯ ಮಾಡುವಾಗ ಕೊಡತಿಯಿಂದ ಬಡಿಬಡಿದು ತೀರಿಸಿಕೊಳ್ಳುತ್ತಿದ್ದಳು.

ಮೂರನೆಯ ರಾಣಿಗೆ ನೋವು ಬಂದ ದಿನ ಊರಿಗೆ ಊರೇ ರಾಜಕುಮಾರನಿಗಾಗಿ ಬೇಡಿಕೊಂಡಿತು. ಒಕ್ಸಿಮ್ ಬೇಡಿಕೊಂಡದ್ದು ತನ್ನ ಮಗಳ ಮದುವೆಗಾಗಿ.

"ಗಂಡು ಮಗುವಂತೆ ಕಣೇ!" ಎಂದು ಪಕ್ಕದ ಮನೆಯಾಕೆ ಕೂಗಿದಾಗ ಒಕ್ಸಿಮ್ ಜಗಲಿಯ ಮೇಲೆ ಕೂತು, ನಕ್ಕು, ಅತ್ತಳು.

"ಇನ್ನೇನಮ್ಮ, ನಿಧಾನಕ್ಕೆ ಮದುವೆ ಮಾಡಿದ್ರಾಯ್ತು," ಎಂದಳು ಮಗಳು.

ಒಕ್ಸಿಮ್ ದಡಕ್ಕನೆ ಎದ್ದಳು. "ನಿಧಾನವಾ? ಆ ಕೂಸಿಗೆ ಹೆಣ್ಣು ನೋಡೋಕೆ ಶುರುಮಾಡೋದ್ರೊಳಗೆ ನಿನ್ನನ್ನ ಗಂಡನ ಮನೆಗೆ ದಾಟಿಸಬೇಕು. ಏಳೇ ಮೇಲೆ!"