ಬಿಟ್‌ಕಾಯಿನ್ನಿಗೆ ಸುಗ್ಗಿ ಕಾದ ಮುರುಗೆಪ್ಪನವರು

ಬೈರಿದೇವರಕೊಪ್ಪದ ಮುರುಗೆಪ್ಪನವರು ಮೂವತ್ತೆಂಟು ವರ್ಷ ಹತ್ತಿ ವ್ಯಾಪಾರ ಮಾಡಿದವರು. ಒಂದು ಹಿಡಿ ಅರಳೆಯನ್ನು ಹೆಬ್ಬೆರಳಿನಿಂದ ಒತ್ತಿ, ಕಣ್ಣು ಮುಚ್ಚಿ, ‘ಇವತ್ತ ಬ್ಯಾಡ’ ಎಂದರೆ ಅಂದು ಇಡೀ ಮಾರುಕಟ್ಟೆಯಲ್ಲಿ ಯಾರೂ ಹತ್ತಿ ಕೊಳ್ಳುತ್ತಿರಲಿಲ್ಲವಂತೆ. ಹಾಗೆಂದು ಹೇಳುತ್ತಿದ್ದವರು ಅವರೊಬ್ಬರೇ. ಅಂಗಡಿ ಮಾರಿದ ಮೇಲೂ ಹೆಬ್ಬೆರಳು ಸುಮ್ಮನಿರಲಿಲ್ಲ. ಬದನೆಕಾಯಿ, ಬೀಗರ ಮನೆಯ ಸೋಫಾ, ಯಾವುದಾದರೂ ಸರಿ, ಒತ್ತಿ ನೋಡಿ ತೀರ್ಪು ಕೊಡುತ್ತಿದ್ದರು.

ಅಂಗಡಿಯ ದುಡ್ಡಿನಲ್ಲಿ ನಾಲ್ಕು ಲಕ್ಷವನ್ನು ಹೆಂಡತಿ ಶರಣವ್ವನವರ ಆಪರೇಶನ್ನಿಗೆಂದು ತೆಗೆದಿಟ್ಟಿದ್ದರು. ಮೊಣಕಾಲು ಎರಡೂ ಸವೆದಿದ್ದವು. ಒಂದೊಂದು ಕಾಲಿಗೆ ಎರಡು ಲಕ್ಷ. ಮಹಡಿ ಮನೆಯಿಂದ ಇಳಿಯುವಾಗ ಆಕೆ ಕಂಬಿ ಹಿಡಿದು, ಗೋಡೆಯ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

ಆಗ ಮುರುಗೆಪ್ಪನವರಿಗೆ ಬಿಟ್‌ಕಾಯಿನ್ ತೋರಿಸಿದವನು ಹಳೇ ಹುಬ್ಬಳ್ಳಿಯ ಮೊಬೈಲ್ ರಿಪೇರಿಯ ಇಕ್ಬಾಲ. ಅವನು ದರ ನೋಡದೆ ತಿಂಗಳಿಗೆ ಎರಡು ಸಾವಿರದಂತೆ ಕೊಳ್ಳುತ್ತಿದ್ದ. ದರ ನೋಡದೆ ಕೊಳ್ಳುವುದು ಮುರುಗೆಪ್ಪನವರ ಪ್ರಕಾರ ಕುರುಡರ ವ್ಯಾಪಾರ. ನಾಲ್ಕು ಎಂಟಾದರೆ ಮೊಣಕಾಲಿನ ಜೊತೆ ಕೈಗೆ ಬಂಗಾರದ ಪಾಟ್ಲಿಯೂ ಬರುತ್ತದೆಂದು ಹೆಂಡತಿಗೆ ಹೇಳಿ, ಆಪರೇಶನ್ ಮುಂದೂಡಿದರು. ಆದರೆ ಕೊಳ್ಳಲಿಲ್ಲ. ಹತ್ತಿಯಂತೆ ಇದಕ್ಕೂ ದೀಪಾವಳಿಗೆ ಮಾರುಕಟ್ಟೆಗೆ ಹೊಸ ಮಾಲಿನ ಆವಕ ಬಂದರೆ ದರ ತಾನಾಗಿ ಇಳಿಯುತ್ತದೆ, ಆಗ ಕೊಳ್ಳಬೇಕೆಂದು ಲೆಕ್ಕ ಹಾಕಿದ್ದರು.

“ಕಾಕಾ, ಇದಕ್ಕ ಹೊಲಾನ ಇಲ್ರಿ,” ಅಂದ ಇಕ್ಬಾಲ. “ಆವಕ ಎಲ್ಲಿಂದ ಬರಬೇಕ್ರಿ?”

“ಮಾಲ ಅಂದಮ್ಯಾಲ ಅದಕ್ಕೊಂದು ಸುಗ್ಗಿ ಇದ್ದ ಇರತದ, ತಮ್ಮಾ. ನೀ ಮೊಬೈಲ್ ರಿಪೇರಿ ಮಾಡು.”

ಆ ದೀಪಾವಳಿಗೆ ದರ ಇಳಿಯಲಿಲ್ಲ, ಏರಿತು. ಆವಕ ತಡವಾಗಿದೆ ಎಂದರು ಮುರುಗೆಪ್ಪನವರು. ಯುಗಾದಿ ಹೋಯಿತು, ಪಂಚಮಿ ಹೋಯಿತು. ಶರಣವ್ವನವರು ಮಹಡಿಯಿಂದ ಇಳಿಯುವುದನ್ನೇ ಬಿಟ್ಟರು. ತರಕಾರಿಯವನಿಗೆ ಮೇಲಿನಿಂದ ಬುಟ್ಟಿ ಬಿಡತೊಡಗಿದರು. ಮುರುಗೆಪ್ಪನವರು ಅದೇ ಮಹಡಿಯಲ್ಲಿ ಕುಳಿತು ಮೊಬೈಲಿನ ಗಾಜನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಮರುವರ್ಷದ ದಸರೆಗೆ ದರ ಹಿಂದೆಂದೂ ಇಲ್ಲದಷ್ಟು ಏರಿದಾಗ ಅವರ ತಾಳ್ಮೆ ಮುಗಿಯಿತು. ಬನ್ನಿ ಕೊಡುವ ದಿನ ಇಕ್ಬಾಲನ ಅಂಗಡಿಗೆ ಬಂದು, ಈ ಮಾಲಿಗೆ ಸುಗ್ಗಿಯೇ ಇಲ್ಲವೆಂದು, ತಾವೇ ಕಂಡುಹಿಡಿದವರಂತೆ ಘೋಷಿಸಿದರು. ಸ್ವಲ್ಪ ಸ್ವಲ್ಪವೇ ಹಾಕಿರೆಂದು ಅವನು ಬೇಡಿಕೊಂಡ.

“ಚಿಲ್ಲರ ವ್ಯಾಪಾರ ನಮ್ಮ ಮನೆತನದಾಗ ಇಲ್ಲ,” ಎಂದು ನಾಲ್ಕೂ ಲಕ್ಷವನ್ನು ಒಂದೇ ಸಲ ಹಾಕಿಸಿದರು.

ಎಂಟು ದಿನ ಕಳೆಯುವಷ್ಟರಲ್ಲಿ ದರ ಕುಸಿಯತೊಡಗಿತು. ದೀಪಾವಳಿ ಮುಗಿದ ಮೇಲೆ ಮತ್ತಷ್ಟು ಕುಸಿಯಿತು. ಹೋದ ವರ್ಷ ಅವರು ಹೇಳಿದ್ದ ಕಾಲಕ್ಕೇ ಸರಿಯಾಗಿ. ಇದರಿಂದ ಮುರುಗೆಪ್ಪನವರಿಗೆ ದುಃಖಕ್ಕಿಂತ ಹೆಚ್ಚಾಗಿ ಹೆಮ್ಮೆಯಾಯಿತು. ದೀಪಾವಳಿಗೆ ಇಳಿಯುತ್ತದೆಂದು ತಾವು ಮೊದಲೇ ಹೇಳಿದ್ದಾಗಿ ಓಣಿಯವರನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಹಾಗಾದರೆ ಕೊಂಡದ್ದೇಕೆ ಎಂದು ಯಾರೂ ಕೇಳಲಿಲ್ಲ. ಮರೆಯಲ್ಲಿ ಮಾತ್ರ ಓಣಿಯವರೆಲ್ಲ ಮನಸಾರೆ ನಕ್ಕರು.

ಶಿವರಾತ್ರಿಯ ಹೊತ್ತಿಗೆ ದುಡ್ಡು ಅರ್ಧವಾಗಿತ್ತು. ಅದೇ ವಾರ ಶರಣವ್ವನವರು ಬಚ್ಚಲಿನ ಹೊಸ್ತಿಲಲ್ಲಿ ಬಿದ್ದರು. ಇನ್ನು ಕಾಯುವ ಹಾಗಿಲ್ಲವೆಂದು ಡಾಕ್ಟರು ಹೇಳಿದ್ದರಿಂದ ಎಲ್ಲವನ್ನೂ ಮಾರಬೇಕಾಯಿತು. ಬಂದದ್ದು ಒಂದು ಕಾಲಿನ ದುಡ್ಡು.

ಆಸ್ಪತ್ರೆಯಲ್ಲಿ ಡಾಕ್ಟರು ಎರಡೂ ಕಾಲು ಒಂದೇ ಸಮ ಹಾಳಾಗಿವೆ, ಯಾವುದನ್ನು ಮಾಡೋಣ, ನೀವೇ ಹೇಳಿ ಎಂದರು. ಮುರುಗೆಪ್ಪನವರು ಮುಂದೆ ಬಂದು, ಹೆಂಡತಿಯ ಮೊಣಕಾಲುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಒತ್ತಿದರು. ಆಕೆ ಹಲ್ಲು ಕಚ್ಚಿದರು. ಇವರು ಕಣ್ಣು ಮುಚ್ಚಿದರು.

“ಎಡಗಾಲು ಮಾಡ್ರಿ,” ಎಂದರು. “ಬಲಗಾಲಿಗೆ ಇನ್ನೂ ಟೈಮ್ ಅದ.”

ಶರಣವ್ವನವರು ಸೆರಗು ಸರಿಮಾಡಿಕೊಂಡು ಡಾಕ್ಟರ ಕಡೆ ತಿರುಗಿದರು.

“ಬಲಗಾಲು ಬರಕೊಳ್ರಿ, ಸಾಹೇಬ್ರ.”