ಪೌಡರ್ ಹಾಕದ ಪುಸ್ತಿಕೆ

ಅಂಚೆಚೀಟಿ ಪುಸ್ತಿಕೆ ಎಂದರೆ ಹಲವರಿಗೆ ಗೊತ್ತಿಲ್ಲ. ಅಂಗೈಯಗಲದ ರಟ್ಟಿನ ಹೊದಿಕೆ, ಒಳಗೆ ನಾಲ್ಕೋ ಎಂಟೋ ಚೀಟಿಗಳ ಹಾಳೆ. ಒಂದು ಚೀಟಿ ಹರಿದರೂ ಅದರ ಕತೆ ಮುಗಿಯಿತು. ಹಿಂಬದಿಯ ಗೋಂದಿಗೆ ತೇವ ತಗಲಿ ರಟ್ಟಿಗೆ ಅಂಟಿಕೊಂಡರಂತೂ ಒಲೆಗೆ ಹಾಕಬೇಕು, ಅಷ್ಟೆ. ನಂಜನಗೂಡಿನಲ್ಲಿ ದೇಶದೇಶದ ಪುಸ್ತಿಕೆ ಕೂಡಿಹಾಕುವ ಹುಚ್ಚು ನನಗೊಬ್ಬನಿಗೇ. ಟಿ. ನರಸೀಪುರದಲ್ಲಿ ಇನ್ನೊಬ್ಬನಿದ್ದ, ನನ್ನ ಗೆಳೆಯ, ನಿವೃತ್ತ ಬಸ್ ಕಂಡಕ್ಟರ್. ಬದುಕಿಡೀ ಟಿಕೆಟ್ ಹರಿದು ಸಾಕಾಗಿದ್ದಕ್ಕೋ ಏನೋ, ಹರಿಯದ ಪುಸ್ತಕವೆಂದರೆ ಅವನಿಗೆ ಪ್ರಾಣ.

ಫಿನ್‌ಲೆಂಡಿನಿಂದ ಹಿಮಸಾರಂಗದ ಚಿತ್ರವಿರುವ, ಒಂದೇ ಬಗೆಯ ಎರಡು ಪುಸ್ತಿಕೆ ತರಿಸಿ ಆಳಿಗೊಂದು ಇಟ್ಟುಕೊಂಡಿದ್ದೆವು. ನನ್ನದು ಮಳೆಗಾಲದ ತೇವಕ್ಕೆ ಅಂಟಿಕೊಂಡಿತು. ಕಿಟಕಿ ಪಕ್ಕ ಇಟ್ಟ ಸೋಮಾರಿತನ ನನ್ನದೇ. ಅವನದು ಹೊಚ್ಚಹೊಸದಾಗಿಯೇ ಇತ್ತು. ಅವನ ಹೆಂಡತಿ ಪ್ರತಿ ಮಳೆಗಾಲಕ್ಕೂ ಮುಂಚೆ ಕೂತು, ಒಂದೊಂದು ಹಾಳೆಯ ಹಿಂದೆಯೂ ಗೋಂದು ಅಂಟದ ಹಾಗೆ ಮುಖದ ಪೌಡರ್ ಉದುರಿಸಿ, ಮೆಲ್ಲಗೆ ಊದಿ, ಡಬ್ಬಕ್ಕೆ ಜೋಡಿಸುತ್ತಿದ್ದಳು. ಅದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು. ಮುಚ್ಚುಮರೆ ಯಾಕೆ.

ಹಿಂದಿನ ವರ್ಷ ಅಣೆಕಟ್ಟಿನಿಂದ ನೀರು ಬಿಟ್ಟಾಗ ಅವನು ಡಬ್ಬ ಹೊತ್ತು ಬಸ್ಸಿನಲ್ಲಿ ಬಂದ. ನಮ್ಮದು ಎತ್ತರದ ಬೀದಿ.

"ಒಳೆ ಏರ್ತಾ ಅದೆ ಕಣ್ಲಾ. ನಿನ್ ಮನೇಲಿ ಮಡಗಿರು. ನೀರು ಇಳುದ್ ಮೇಲೆ ಓಯ್ತೀನಿ," ಎಂದ.

ಬೀಗ ಕೂಡ ಹಾಕಿರಲಿಲ್ಲ. ಮಾರನೆಯ ಬೆಳಿಗ್ಗೆ ಅವನ ಹಿಮಸಾರಂಗವನ್ನು ನಾನು ತೆಗೆದುಕೊಂಡು, ನನ್ನ ಅಂಟಿಕೊಂಡದ್ದನ್ನು ಅವನ ಡಬ್ಬಕ್ಕೆ ಹಾಕಿದೆ. ಅದರಲ್ಲಿ ಪೌಡರ್ ಇಲ್ಲದ್ದು ಅವನಿಗೆ ಗೊತ್ತಾಗುತ್ತದೆ ಎಂದು ಹೊಳೆದಿತ್ತು. ಗೊತ್ತಾದರೆ ಬೈಗುಳ ಯಾರ ತಲೆಗೆ ಎಂಬುದೂ ಹೊಳೆದಿತ್ತು.

ವಾರದ ಮೇಲೆ ಡಬ್ಬ ಒಯ್ದ. ಎರಡು ದಿನಕ್ಕೆ ಫೋನು. "ಪೌಡರ್ ಆಕೋದ ಮರ್ತವಳೆ ಕಣ್ಲಾ. ಆಳಾಗೋಯ್ತು."

"ಅಯ್ಯೋ ಪಾಪ," ಎಂದೆ.

ದಸರಾ ಕಳೆದ ಮೇಲೆ ಅವರ ಮನೆಗೆ ಹೋದೆ. ಅವನು ಹೆಂಡತಿಯ ಜೊತೆ ಮಾತು ಬಿಟ್ಟಿದ್ದ. ಅವಳು ಮಾಡಿದ್ದನ್ನು ಮುಟ್ಟದೆ, ಹೋಟೆಲಿನಿಂದ ಕಟ್ಟಿಸಿಕೊಂಡು ಬಂದು, ಬೀದಿಯವರೆಲ್ಲ ನೋಡುವ ಹಾಗೆ ಜಗಲಿಯ ಮೇಲೆ ಕೂತು ತಿನ್ನುತ್ತಿದ್ದ. ಮೂವತ್ತು ವರ್ಷ ಬೇಯಿಸಿ ಹಾಕಿದವಳಿಗೆ ಇದಕ್ಕಿಂತ ಅವಮಾನ ಬೇರೆ ಬೇಕೆ? ಅವನು ಎಲೆಅಡಿಕೆ ತರಲು ಅಂಗಡಿಗೆ ಹೋದಾಗ ಆಕೆ ನನಗೆ ಕಾಫಿ ತಂದಿಟ್ಟು ಬಾಗಿಲ ಬಳಿ ನಿಂತಳು.

"ಅಣ್ಣಾ, ಆಕಿವ್ನಿ ಅಂತ್ಲೇ ಮೊದ್ಲು ವಾದ ಮಾಡ್ದೆ. ಈಗ ನಂಗೇ ಗ್ಯಾನ ಇಲ್ಲ. ಮರ್ತೇ ಇರ್ಬೇಕು. ನೀವೊಂದ್ ಮಾತೇಳಿ. ನೀವೇಳುದ್ರೆ ಕೇಳ್ತಾರೆ."

ನಿಜ ಬಾಯಿತನಕ ಬಂದಿತ್ತು. ಕಾಫಿ ಜೊತೆ ನುಂಗಿದೆ. ಥೂ, ನನ್ನ ಜನ್ಮಕ್ಕಿಷ್ಟು.

ಅವನು ಬಂದ ಮೇಲೆ ದೊಡ್ಡ ಮನುಷ್ಯನ ಹಾಗೆ ಹೇಳಿದೆ: "ವಯಸ್ಸಾಯ್ತಲ್ಲ, ಮರೆವು ಇದ್ದದ್ದೇ. ಇದೊಂದ್ ಸಲ ಬುಟ್ಬುಡ್ಲಾ."

ಅವನು ಅವಳತ್ತ ನೋಡದೆ, "ತಟ್ಟೆ ಆಕು," ಎಂದ.

ಆಕೆ ಮೊದಲು ನನಗೆ ಬಡಿಸಿದಳು. ಹೊರಡುವಾಗ ಹೊಸ್ತಿಲಲ್ಲಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರವ್ವಾ," ಎಂದೆ.