ಲಲ್ಲಾ ಬತೂಲ್‌ರ ‘ಆದರೆ’

ಸಲೇ ಊರಿನ ಹಳೇಪೇಟೆಯಲ್ಲಿ ಚಾಪೆ ನೇಯುವ ಲಾರ್ಬಿಯ ಹೆಂಡತಿ ಯಾಮ್ನಾ ನಲವತ್ತೊಂದು ವರ್ಷ ಒಂದು ಮಾತಿಗಾಗಿ ಕಾದಳು. ಆ ಮಾತು ಬರಬೇಕಾಗಿದ್ದದ್ದು ಗಂಡನ ಬಾಯಿಂದಲ್ಲ. ಗಂಡನೋ, ಏನು ಬಡಿಸಿದರೂ ತಿಂದು ‘ದೇವರು ದೊಡ್ಡವನು’ ಎಂದು ಕೈ ತೊಳೆಯುವ ಆಸಾಮಿ. ಒಮ್ಮೆ ಯಾಮ್ನಾ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅವತ್ತೂ ದೇವರು ಅಷ್ಟೇ ದೊಡ್ಡವನಾಗಿದ್ದ. ಅಂಥವನ ಮೆಚ್ಚುಗೆ ಕಟ್ಟಿಕೊಂಡು ಏನಾಗಬೇಕು? ಮಾತು ಬರಬೇಕಾಗಿದ್ದದ್ದು ಕೇರಿಯೆಲ್ಲ ಗೌರವದಿಂದ ‘ಲಲ್ಲಾ’ ಎಂದು ಕರೆಯುತ್ತಿದ್ದ ಪಕ್ಕದ ಮನೆಯ ಬತೂಲ್ ಬಾಯಿಂದ.

ಬತೂಲ್ ಹುಟ್ಟಿದ್ದು ಅಡುಗೆಗೆ ನಾಡಿಗೇ ಹೆಸರಾದ ಫೆಸ್ ಪಟ್ಟಣದಲ್ಲಿ. ಮದುವೆಯಾಗಿ ಸಲೇಗೆ ಬಂದು ಐವತ್ತು ವರ್ಷವಾದರೂ ತಾನು ಇಲ್ಲಿಗೆ ನಾಲ್ಕು ದಿನದ ಮಟ್ಟಿಗೆ ನೆಂಟರ ಮನೆಗೆ ಬಂದವಳು ಎಂಬಂತೆಯೇ ಇದ್ದಳು. ಸಲೇಯ ನೀರು ಸಪ್ಪೆ, ಸಲೇಯ ಬ್ರೆಡ್ಡು ಗಟ್ಟಿ, ಸಲೇಯ ಗಾಳಿಯಲ್ಲಿ ಮೀನಿನ ವಾಸನೆ. ಇಷ್ಟೆಲ್ಲ ಕಷ್ಟ ಸಹಿಸಿಕೊಂಡು ಆಕೆ ಸಾಕಷ್ಟು ದಪ್ಪಗಾಗಿದ್ದಳು.

ಯಾಮ್ನಾ ಹದಿನೆಂಟರ ಮದುಮಗಳಾಗಿ ಬಂದ ಮೊದಲ ಶುಕ್ರವಾರ, ಕೇರಿಯ ಪದ್ಧತಿಯಂತೆ ಪಕ್ಕದ ಮನೆಗೆ ಒಂದು ಬೋಗುಣಿ ಕುಸ್ಕುಸ್ ಒಯ್ದು ಕೊಟ್ಟಳು. ರವೆಗೆ ನೀರು ಚಿಮುಕಿಸಿ, ಅಂಗೈಯಡಿ ಉಜ್ಜಿ ಉಜ್ಜಿ ಸಾಸಿವೆಯಷ್ಟು ಕಾಳು ಕಟ್ಟಿ, ಹಬೆಯಲ್ಲಿ ಮೂರು ಸಲ ಬೇಯಿಸಿದ್ದಳು. ಮೇಲೆ ತ್ಫಾಯ ಹರಡಿದ್ದಳು. ಈರುಳ್ಳಿಯನ್ನೂ ಒಣದ್ರಾಕ್ಷಿಯನ್ನೂ ಜೇನು, ದಾಲ್ಚಿನ್ನಿ, ಹಳೆಯ ತುಪ್ಪದ ಜೊತೆ ಸಣ್ಣ ಉರಿಯಲ್ಲಿ ಕೆಂಪಗಾಗುವತನಕ ಬಾಡಿಸಿದರೆ ಆಗುವುದೇ ತ್ಫಾಯ. ಅದರ ಮೇಲೆ ಹುರಿದ ಬಾದಾಮಿ. ಬತೂಲ್ ಬೋಗುಣಿಯಿಂದ ನಾಲ್ಕು ಕಾಳು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

“ಚೆನ್ನಾಗಿದೆ ಮಗಳೇ. ಆದರೆ ಕಾಳು ಒಂದಕ್ಕೊಂದು ಅಂಟ್ಕೊಂಡಿದೆ.”

ಮುಂದಿನ ಶುಕ್ರವಾರ ಯಾಮ್ನಾ ಕಾಳನ್ನು ಬಿಡಿಬಿಡಿಯಾಗಿ ಮಾಡಿದಳು. “ಚೆನ್ನಾಗಿದೆ, ಆದರೆ ದ್ರಾಕ್ಷಿ ಊದಿಲ್ಲ.” ದ್ರಾಕ್ಷಿ ಊದಿತು. “ಚೆನ್ನಾಗಿದೆ, ಆದರೆ ಜೇನು ಮುಂದಾಯ್ತು.” ಜೇನು ಹಿಂದೆ ಸರಿಯಿತು, ಆಗ ಬಾದಾಮಿಯ ಬಣ್ಣ ಸರಿಯಿಲ್ಲವಾಯಿತು. ಹುಡುಕಲು ಏನೂ ಉಳಿಯದ ದಿನ ಬತೂಲ್, “ಚೆನ್ನಾಗಿದೆ, ಆದರೆ ಈ ಬಿಸಿಲಲ್ಲಿ ಯಾರಿಗೆ ತಿನ್ನೋ ಮನಸ್ಸಿರತ್ತೆ ಹೇಳು” ಎಂದಳು. ಸಂಜೆ ಬೋಗುಣಿ ಹಿಂದಿರುಗುವಾಗ ಪದ್ಧತಿಯಂತೆ ಅದರಲ್ಲಿ ನಾಲ್ಕು ಖರ್ಜೂರ ಇರುತ್ತಿದ್ದವು. ಬೋಗುಣಿಯನ್ನು ಮಾತ್ರ ತೊಳೆಯುವ ಅಗತ್ಯವೇ ಇರುತ್ತಿರಲಿಲ್ಲ; ಯಾರೋ ಬೆರಳಿನಿಂದ ಅಷ್ಟು ನೀಟಾಗಿ ಬಳಿದಿರುತ್ತಿದ್ದರು.

ಈ ‘ಆದರೆ’ಗಳನ್ನು ಒಂದೊಂದಾಗಿ ತಿದ್ದುತ್ತಾ ತಿದ್ದುತ್ತಾ ಯಾಮ್ನಾ ಊರಿಗೇ ಹೆಸರಾದ ಅಡುಗೆಯವಳಾದಳು. ನಾಮಕರಣಕ್ಕೆ, ಮದುವೆಗೆ, ಹಜ್ ಮುಗಿಸಿ ಬಂದವರ ಊಟಕ್ಕೆ ಜನ ಅವಳ ಬಾಗಿಲಿಗೆ ಬಂದರು. ನದಿಯಾಚೆ ರಬಾತ್‌ನಿಂದಲೂ ಕರೆ ಬಂತು. ಹೊಗಳುವವರಿಗೇನೂ ಬರವಿರಲಿಲ್ಲ. ಆದರೂ ಶುಕ್ರವಾರ ಮಧ್ಯಾಹ್ನ ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತಾಗ ಅವಳ ಎದೆ ಪರೀಕ್ಷೆಗೆ ಕೂತ ಹುಡುಗಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. “ಒಂದಿನ ಆ ಹೆಂಗಸು ‘ಆದರೆ’ ಇಲ್ದೆ ಮಾತು ಮುಗಿಸಲಿ, ನಾನು ಒಲೆ ಆರಿಸಿ ಕೂತ್ಬಿಡ್ತೀನಿ” ಎಂದು ಗಂಡನ ಹತ್ತಿರ ಹೇಳುತ್ತಿದ್ದಳು. ಒಲೆ ಆರುವುದು ಬೇಡ ಎಂದೋ ಏನೋ, ಲಾರ್ಬಿ ದೇವರು ದೊಡ್ಡವನು ಎನ್ನುತ್ತಿದ್ದ.

ಒಂದು ಬುಧವಾರ ಬೆಳಿಗ್ಗೆ ಬತೂಲ್ ಆ ಮಾತು ಹೇಳದೆಯೇ ತೀರಿಕೊಂಡಳು.

ಯಾಮ್ನಾ ಅತ್ತಳು. ಹೆಣ ತೊಳೆಯುವವರಿಗೆ ನೀರು ಕಾಯಿಸಿಕೊಟ್ಟಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವಾದ್ದರಿಂದ ಎರಡು ದಿನ ತನ್ನ ಮನೆಯಿಂದಲೇ ಊಟ ಸಾಗಿಸಿದಳು. ಮೂರನೇ ದಿನ ಶುಕ್ರವಾರ. ಕುರಾನ್ ಓದುವವರಿಗೂ ಕೇರಿಯವರಿಗೂ ಕುಸ್ಕುಸ್ ಹಾಕಬೇಕು. ಅದನ್ನು ತಾನಲ್ಲದೆ ಇನ್ಯಾರು ಮಾಡುತ್ತಾರೆ ಎಂದುಕೊಂಡು ಗುರುವಾರ ಬೆಳಿಗ್ಗೆಯೇ ಒಣದ್ರಾಕ್ಷಿ ಆರಿಸಲು ಕುಳಿತಳು. ಆಗ ಬತೂಲ್‌ಳ ಮಗಳು ಹಸ್ನಾ ಬಂದು, ಸೆರಗಿಲ್ಲದಿದ್ದರೂ ಸೆರಗು ಹುಡುಕುವವಳ ಹಾಗೆ ಬೆರಳು ಹೊಸೆಯುತ್ತಾ ನಿಂತಳು.

“ಖಾಲ್ತಿ,” ಎಂದಳು, ಚಿಕ್ಕಮ್ಮನನ್ನು ಕರೆಯುವ ಸಲುಗೆಯಲ್ಲಿ, “ಬೇಜಾರು ಮಾಡ್ಕೋಬೇಡಿ. ಅಮ್ಮ ಹೋಗೋ ಮುಂಚೆ ಒಂದು ಮಾತು ಹೇಳಿದ್ರು. ಮೂರನೇ ದಿನದ ಕುಸ್ಕುಸ್‌ಗೆ ಯಾಮ್ನಾ ಕೈ ಹಾಕ್ಬಾರದು, ಫೆಸ್‌ನಿಂದ ಘೀತಾ ಬಂದು ಮಾಡ್ಲಿ ಅಂತ.”

ಘೀತಾ ಎಂದರೆ ಬತೂಲ್‌ಳ ತಂಗಿ. ಯಾಮ್ನಾಳ ಕಣ್ಣೀರು ಅಲ್ಲೇ ಬತ್ತಿತು. ನಲವತ್ತೊಂದು ವರ್ಷ ತಿಂದು ತಿಂದು ಹೋಗುವಾಗ ಇದಾ ಹೇಳಿಹೋಗುವ ಮಾತು? “ಆಗಲಿ ಬಿಡಮ್ಮ. ಅವರ ಊಟ, ಅವರ ಇಷ್ಟ” ಎಂದಳು. ಆರಿಸಿದ ದ್ರಾಕ್ಷಿಯನ್ನು ಡಬ್ಬಿಗೆ ವಾಪಸು ಸುರಿದು, ಮುಚ್ಚಳವನ್ನು ಇಡೀ ಕೇರಿಗೆ ಕೇಳಿಸುವಂತೆ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಎಂಟು ಗಂಟೆಗೆ ಹಸ್ನಾ ಮತ್ತೆ ಬಂದಳು. ಈ ಸಲ ಬಾಗಿಲಿನಿಂದಲ್ಲ. ಎರಡು ಮನೆಗಳ ಮಾಳಿಗೆಯ ನಡುವಿನ ಮೋಟುಗೋಡೆಯ ಮೇಲಿಂದ.

“ಖಾಲ್ತಿ, ಘೀತಾ ಚಿಕ್ಕಮ್ಮ ಪ್ಯಾಕೆಟ್ ತಂದಿದ್ದಾರೆ!”

“ಏನು ಪ್ಯಾಕೆಟ್ಟು?”

“ಕುಸ್ಕುಸ್ ಪ್ಯಾಕೆಟ್ಟು. ಬಿಸಿನೀರು ಹೊಯ್ದು ಮುಚ್ಚಿಟ್ರೆ ಐದು ನಿಮಿಷದಲ್ಲಿ ಆಗತ್ತಂತೆ. ಫೆಸ್‌ನಲ್ಲಿ ಈಗ ಎಲ್ಲಾರೂ ಹಂಗೇ ಮಾಡೋದಂತೆ. ಈ ಜನಕ್ಕೆಲ್ಲಾ ಅದನ್ನ ಹಾಕಿದ್ರೆ ಅಮ್ಮನ ಮಾನ ಏನಾಗಬೇಕು?”

“ನಿಮ್ಮಮ್ಮ ಬೇಡ ಅಂದಿದ್ದಾರಲ್ಲ.”

“ನೀವು ಮಾಡಿದ್ದು ಅಂತ ಯಾರಿಗೂ ಹೇಳಲ್ಲ. ಗೋಡೆ ಮೇಲಿಂದ ಈಸ್ಕೋತೀನಿ. ಕಾಲಿಗೆ ಬೀಳ್ತೀನಿ ಖಾಲ್ತಿ.”

ಯಾಮ್ನಾಳಿಗೆ ಬತೂಲ್‌ಳ ಮಾತು ಮೀರಬಾರದು ಅನ್ನಿಸಿತು. ಬತೂಲ್‌ಳ ಮನೆಯಿಂದ ಪ್ಯಾಕೆಟ್ ಕುಸ್ಕುಸ್ ಹೊರಡಬಾರದು ಅಂತಲೂ ಅನ್ನಿಸಿತು. ಇವೆರಡರ ಕೆಳಗೆ ಮೂರನೆಯದೊಂದು ಇತ್ತು: ಇವತ್ತು ಮಾಡಿದ್ದರಲ್ಲಿ ಸತ್ತವಳು ಎದ್ದು ಬಂದರೂ ಒಂದೇ ಒಂದು ‘ಆದರೆ’ ಸಿಗಬಾರದು.

ಅಂಗಿಯ ತೋಳು ಮೇಲಕ್ಕೆ ಮಡಚಿ ಒಲೆಯ ಮುಂದೆ ಕುಳಿತಳು. ಗಂಡನನ್ನು ಬಾದಾಮಿ ಸಿಪ್ಪೆ ಸುಲಿಯಲು ಕೂರಿಸಿದಳು. ಕಡಲೆಕಾಳು, ಮಾಂಸ ಬೇಯುವ ಹಂಡೆಯ ಮೇಲೆ ಉಜ್ಜಿ ಕಟ್ಟಿದ ರವೆಕಾಳಿನ ತೂತಿನ ಪಾತ್ರೆ ಇಟ್ಟು, ನಡುವಿನ ಸಂದಿಗೆ ಹಿಟ್ಟು ಮೆತ್ತಿದ ಬಟ್ಟೆ ಸುತ್ತಿ, ಹಬೆ ಒಂದೆಳೆಯೂ ಆಚೆ ಹೋಗದಂತೆ ಬಿಗಿದಳು. ಒಂದು ಸಲ ಬೆಂದಿತು. ಅಗಲ ಬೋಗುಣಿಗೆ ಸುರಿದು, ಕೈ ಸುಡುತ್ತಿದ್ದರೂ ಗಂಟು ಒಡೆದು, ಉಪ್ಪುನೀರು ಚಿಮುಕಿಸಿದಳು. ಎರಡು ಸಲ, ಮೂರು ಸಲ. ಅತ್ತ ಈರುಳ್ಳಿ ಆತುರವಿಲ್ಲದೆ ಕೆಂಪಾಗುತ್ತಿತ್ತು. ದ್ರಾಕ್ಷಿ ಊದಿತು, ಜೇನು ತನ್ನ ಮಟ್ಟದಲ್ಲಿ ನಿಂತಿತು. ರುಚಿ ನೋಡಿದ ಯಾಮ್ನಾಳಿಗೆ ತನ್ನ ಜನ್ಮದಲ್ಲಿ ಇಂಥದ್ದು ಮಾಡಿರಲಿಲ್ಲ ಎಂದು ಗೊತ್ತಾಯಿತು. ಸಂತೋಷಕ್ಕಿಂತ ಮೊದಲು ಸಿಟ್ಟೇ ಬಂತು. ಮೂರು ದಿನ ತಡೆದುಕೊಂಡಿದ್ದರೆ ಆಕೆಗೇನಾಗುತ್ತಿತ್ತು?

ನಮಾಜು ಮುಗಿಯುವ ಹೊತ್ತಿಗೆ ಬೋಗುಣಿಗಳೆಲ್ಲ ಗೋಡೆ ದಾಟಿದವು. ಯಾಮ್ನಾ ಕೈ ತೊಳೆದು, ಬಟ್ಟೆ ಬದಲಿಸಿ, ಏನೂ ಗೊತ್ತಿಲ್ಲದವಳಂತೆ ಬಾಗಿಲಿನಿಂದ ಬಂದು ಹೆಂಗಸರ ನಡುವೆ ಕುಳಿತಳು.

ಮೊದಲ ತುತ್ತು ಬಾಯಿಗೆ ಹೋಗಿದ್ದೇ ತಡ, ಅಳುತ್ತಿದ್ದವರು ಅಳು ನಿಲ್ಲಿಸಿದರು.

“ಅಯ್ಯೋ, ಇದೇನು ಮಾರಾಯ್ತಿ, ಕಾಳು ನಾಲಿಗೆ ಮೇಲೇ ಕರಗ್ತಾ ಇದೆ!”

“ಫೆಸ್ ಕೈ ಅಂದ್ರೆ ಸುಮ್ನೇನಾ?”

“ಯಾಮ್ನಾ, ನೋಡಿ ಕಲ್ತ್ಕೋ. ನಿಂದು ಚೆನ್ನಾಗಿರತ್ತೆ, ಇಲ್ಲ ಅನ್ನಲ್ಲ. ಇದು ಬೇರೆನೇ.”

ಘೀತಾ ತಲೆವಸ್ತ್ರ ಸರಿಮಾಡಿಕೊಂಡು, “ಏನಿಲ್ಲಮ್ಮ, ಎಲ್ಲಾ ಕೈಗುಣ. ನಮ್ಮ ಕಡೆ ಹೆಣ್ಣುಮಕ್ಕಳು ಇದನ್ನ ಹುಟ್ಟುವಾಗಲೇ ಕಲ್ತಿರ್ತೀವಿ” ಎಂದಳು. ಹಾಗೆ ಹೇಳುವಾಗ ಅವಳ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಬಹುಶಃ ಅಷ್ಟರಲ್ಲಿ ಅವಳಿಗೂ ಅದು ನಿಜ ಅನ್ನಿಸತೊಡಗಿತ್ತು.

ಯಾಮ್ನಾಳಿಗೆ ತಡೆಯಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ಹಸ್ನಾಳ ರಟ್ಟೆ ಹಿಡಿದಳು.

“ನಿಮ್ಮಮ್ಮ ಯಾಕೆ ಬೇಡ ಅಂದ್ರು? ಒಂದಕ್ಷರ ಬಿಡದೆ ಹೇಳು. ನಾನು ಮಾಡಿದ್ರೆ ಅವರ ಊಟ ಕೆಡ್ತಿತ್ತಾ?”

ಹಸ್ನಾ ಬಾಗಿಲ ಕಡೆ ಒಮ್ಮೆ ನೋಡಿದಳು. “ಯಾರಿಗೂ ಹೇಳ್ಬೇಡ, ಅವಳಿಗಂತೂ ಹೇಳಲೇಬೇಡ ಅಂದಿದ್ರು. ಅಮ್ಮ ಹೇಳಿದ್ದು ಹಿಂಗೆ: ‘ಯಾಮ್ನಾ ಮಾಡಿದ್ರೆ ಜನ ಕುಸ್ಕುಸ್ ಸುದ್ದಿನೇ ಮಾತಾಡ್ತಾರೆ, ನನ್ನ ಯಾರೂ ನೆನೆಸಲ್ಲ. ಘೀತಾ ಮಾಡ್ಲಿ. ಅವಳ ಅಡುಗೆ ತಿಂದೋರಿಗೆ ಅಳೋಕೆ ಬೇಕಾದಷ್ಟು ಪುರುಸೊತ್ತು ಇರತ್ತೆ.’”

ಯಾಮ್ನಾ ಅಲ್ಲೇ ಮಣೆಯ ಮೇಲೆ ಕುಳಿತಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ. ನಲವತ್ತೊಂದು ವರ್ಷ ಕಾದ ಮಾತು ಕೊನೆಗೂ ಬಂದಿತ್ತು, ‘ಆದರೆ’ ಇಲ್ಲದೆಯೇ. ಒಳಗಿನ ಕೋಣೆಯಿಂದ ದನಿಗಳು ಕೇಳುತ್ತಿದ್ದವು. ಬಾದಾಮಿ ಹುರಿದದ್ದು ಎಣ್ಣೆಯಲ್ಲೋ ತುಪ್ಪದಲ್ಲೋ ಎಂದು ಇಬ್ಬರು ವಾದಕ್ಕೇ ಬಿದ್ದಿದ್ದರು. ಬತೂಲ್ ಎಂಬ ಹೆಸರು ಒಮ್ಮೆಯೂ ಕೇಳಲಿಲ್ಲ. ಆಕೆ ಹೆದರಿದ್ದೇ ಆಗಿತ್ತು. ಮಾಡಿದವಳು ತಾನೇ.

ಕಣ್ಣೊರೆಸಿಕೊಂಡು ಎದ್ದಳು. ಕೋಣೆಗೆ ಬಂದು, ಎಲ್ಲರೂ ನೋಡುವಂತೆ ಬೋಗುಣಿಯಿಂದ ನಾಲ್ಕು ಕಾಳು ಎತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಹೊರಳಿಸಿ, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

“ಚೆನ್ನಾಗಿದೆ ಮಗಳೇ,” ಎಂದಳು, ಫೆಸ್‌ನವರ ರಾಗದಲ್ಲಿ, “ಆದರೆ ದ್ರಾಕ್ಷಿ ಒಂದು ಕುದಿ ಹೆಚ್ಚು ಬೆಂದಿದೆ.”

ಮೂಲೆಯಲ್ಲಿದ್ದ ಬ್ರೆಡ್ ಸುಡುವವನ ಹೆಂಡತಿ ಕಿಸಕ್ಕನೆ ನಕ್ಕಳು. “ಥೇಟ್ ಬತೂಲ್! ನನ್ನ ಮಗಳ ಮದುವೇಲಿ ಹೆಣ್ಣು ಚೆನ್ನಾಗಿದೆ, ಆದರೆ ಕಿವಿ ದೊಡ್ಡದು ಅಂದಿದ್ರು.” “ನಾನು ಹಜ್‌ಗೆ ಹೋಗಿ ಬಂದಾಗ, ಪುಣ್ಯ ಬಂತು, ಆದರೆ ಬಣ್ಣ ಹೋಯ್ತು ಅಂದ್ರು.” ಒಬ್ಬೊಬ್ಬರೂ ತಮ್ಮ ತಮ್ಮ ‘ಆದರೆ’ ಹೊರತೆಗೆದರು. ನಗುತ್ತಾ ನಗುತ್ತಾ ಯಾರೋ ಬಿಕ್ಕಿದರು. ನೋಡುತ್ತಿದ್ದಂತೆ ಕೋಣೆಗೆ ಕೋಣೆಯೇ ಬತೂಲ್, ಬತೂಲ್ ಎಂದು ಗೋಳೋ ಎಂದು ಅಳತೊಡಗಿತು. ಎಲ್ಲರಿಗಿಂತ ಜೋರಾಗಿ ಅತ್ತವಳು ಯಾಮ್ನಾ.

ಅಳದೆ ಕುಳಿತವಳು ಘೀತಾ ಒಬ್ಬಳೇ. “ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ? ನನ್ನ ಕುಸ್ಕುಸ್‌ಗೆ ಹೆಸರಿಡ್ತಾಳೆ!” ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು. ಯಾಮ್ನಾಳಿಗೆ ಅದು ಕೇಳಿಸಿತು.

ದ್ರಾಕ್ಷಿ ಹದವಾಗಿಯೇ ಬೆಂದಿತ್ತು. ಬತೂಲ್ ಇದ್ದಿದ್ದರೆ ಅವಳಿಗೂ ಅದು ಗೊತ್ತಾಗುತ್ತಿತ್ತು.